1967ರ ಮಸ್ಟಾಂಗ್ 390: ಅರ್ಧ ಗಂಟೆ ಓಡಿ ನಿಂತುಬಿಡುತ್ತದೆ (ಪರಿಹಾರ ಸಿಕ್ಕಿತು)

ಮಿಲ್ಪಿಟಸ್67:
ಎಲ್ಲರಿಗೂ ನಮಸ್ಕಾರ. ಗಾಡಿ 1967ರ ಫೋರ್ಡ್ ಮಸ್ಟಾಂಗ್ ಫಾಸ್ಟ್‌ಬ್ಯಾಕ್. 390 ಇಂಜಿನ್, ಅಂದರೆ 6.4 ಲೀಟರ್ ವಿ8, ಹೋಲಿ ಕಾರ್ಬುರೇಟರ್. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಹೈವೇಯಲ್ಲಿ ಅರ್ಧ ಗಂಟೆ ಚೆನ್ನಾಗಿ ಓಡುತ್ತದೆ. ಆಮೇಲೆ ಮಿಸ್ಸಿಂಗ್ ಶುರು, ಪಿಕಪ್ ಇಲ್ಲ, ಎರಡು ನಿಮಿಷದಲ್ಲಿ ಆಫ್. ಕಾಲು ಗಂಟೆ ಸುಮ್ನೆ ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟ್! ಸ್ಪಾರ್ಕಿಗೆ ಕರೆಂಟ್ ಕೊಡುವ ಕಾಯಿಲ್ ಬದಲಾಯಿಸಿದೆ, ಪ್ರಯೋಜನವಾಗಲಿಲ್ಲ.

ಗ್ಯಾರೇಜಿನವನೊಬ್ಬ "ಇನ್ನು ಮಾರಿಬಿಡಿ" ಅಂದ. ಆ ಮಾತು ನನಗೆ ಆಗುವುದಿಲ್ಲ. ಚಾಸಿಸ್ ನಂಬರಿನಲ್ಲಿ 7ರ ಪಕ್ಕ ಆರ್ ಅಕ್ಷರ ಇದೆ, ಅಂದರೆ ಸ್ಯಾನ್ ಹೋಸೆ ಕಾರ್ಖಾನೆಯದು. ಹೆಸರಿಗೆ ಸ್ಯಾನ್ ಹೋಸೆ, ಇದ್ದದ್ದು ಕ್ಯಾಲಿಫೋರ್ನಿಯಾದ ನಮ್ಮ ಮಿಲ್ಪಿಟಸ್‌ನಲ್ಲೇ. 1983ರಲ್ಲಿ ಅದು ಬಾಗಿಲು ಹಾಕಿತು. ಅದೇ ವರ್ಷ ನಾನು ಈ ಗಾಡಿ ಕೊಂಡೆ, ಸೆಕೆಂಡ್ ಹ್ಯಾಂಡ್. ಆ ಜಾಗದಲ್ಲಿ ಈಗ ಗ್ರೇಟ್ ಮಾಲ್ ಇದೆ. ನನ್ನವಳು ಅಲ್ಲಿಗೆ ಹೊರಟಾಗಲೆಲ್ಲ "ನಿಮ್ಮ ಹುಡುಗಿಯ ತವರಿಗೆ ಹೋಗಿ ಬರ್ತೀನಿ" ಅನ್ನುತ್ತಾಳೆ. ನಮ್ಮ ಮದುವೆಗಿಂತ ಹಳೆಯ ಸಂಬಂಧ ಇದು, ಅವಳಿಗೂ ಗೊತ್ತು.

ಆಗುಂಬೆ ಘಾಟಿ:
ಸರ್, ಇದು ಏರ್ ಲಾಕ್. ನೀವು ಅಲ್ಲಿ ವೇಪರ್ ಲಾಕ್ ಅನ್ನಬಹುದು. ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತದೆ. ನಮ್ಮಪ್ಪ ಅಂಬಾಸಡರ್‌ನಲ್ಲಿ ಘಾಟಿ ಹತ್ತುವಾಗ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಮಾಡಿ ನೋಡಿ.

ಮಿಲ್ಪಿಟಸ್67:
ಮಾಡಿದೆ. ಬಟ್ಟೆ ಸುತ್ತಿ, ನೀರು ಹಾಕಿ, ಕಾದು ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಯಿತು! ಆದರೆ ಮುಂದೆ ಸ್ವಲ್ಪ ದೂರದಲ್ಲೇ ಮತ್ತೆ ನಿಂತಿತು.

ಡಿಯರ್‌ಬಾರ್ನ್ ದೊಡ್ಡಪ್ಪ:
ಅದು ಬಟ್ಟೆಯ ಮಹಿಮೆಯಲ್ಲ, ಕಾಲು ಗಂಟೆ ಕಾದದ್ದರ ಮಹಿಮೆ. ಇನ್ನು ಒಂದು ಡಾಲರ್ ಕೂಡ ಖರ್ಚು ಮಾಡಬೇಡಿ. ಮೊದಲು ಪೆಟ್ರೋಲ್ ಸಮಸ್ಯೆಯಾ, ಕರೆಂಟ್ ಸಮಸ್ಯೆಯಾ ಅಂತ ಗೊತ್ತಾಗಬೇಕು.

ಮುಂದಿನ ಸಲ ನಿಂತ ಕೂಡಲೇ ಏರ್ ಕ್ಲೀನರ್ ತೆಗೆಯಿರಿ. ಇಂಜಿನ್ ಆಫ್ ಇರುವಾಗಲೇ ಕಾರ್ಬುರೇಟರ್ ಒಳಗೆ ಬಗ್ಗಿ ನೋಡುತ್ತಾ ಥ್ರಾಟಲ್ ಕೈಯಿಂದ ಎಳೆಯಿರಿ. ಪೆಟ್ರೋಲ್ ಪಿಚಕಾರಿ ಹಾಗೆ ಚಿಮ್ಮಿದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಇದೆ, ಆಗ ಸ್ಪಾರ್ಕ್ ಕಡೆ ಹುಡುಕೋಣ. ಚಿಮ್ಮದಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಹತ್ತಿರ ಬೆಂಕಿ, ಸಿಗರೇಟು ಇರಬಾರದು, ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಇನ್ನೆರಡು ಪ್ರಶ್ನೆ. ಟ್ಯಾಂಕ್ ಫುಲ್ ಇದ್ದಾಗ ಬೇಗ ನಿಲ್ಲುತ್ತದಾ? ಈಚೆಗೆ ಏನೇನು ಬದಲಾಯಿಸಿದಿರಿ? ಸಣ್ಣದು ಅಂತ ಬಿಡಬೇಡಿ.

ಮಿಲ್ಪಿಟಸ್67:
ಚಿಮ್ಮಲಿಲ್ಲ. ಒಣಗಿತ್ತು.
ನನ್ನ ಹತ್ತಿರ 1983ರಿಂದ ಪೆಟ್ರೋಲ್ ಹಾಕಿಸಿದ ಲೆಕ್ಕದ ಪುಸ್ತಕ ಇದೆ (ನಗಬೇಡಿ). ತೆಗೆದು ನೋಡಿದರೆ ನೀವು ಹೇಳಿದ್ದೇ ಸರಿ. ನಾಲ್ಕು ಸಲ ನಿಂತದ್ದೂ ಟ್ಯಾಂಕ್ ಫುಲ್ ಮಾಡಿಸಿದ ದಿನವೇ. ಕಾಲು ಟ್ಯಾಂಕಿನಲ್ಲಿ ಊರೊಳಗೆ ಓಡಾಡಿದಾಗ ಒಮ್ಮೆಯೂ ಇಲ್ಲ.
ಬದಲಾಯಿಸಿದ್ದು ಕಾಯಿಲ್ ಮಾತ್ರ. ಹುಟ್ಟುಹಬ್ಬಕ್ಕೆ ಮಗಳು ಟ್ಯಾಂಕಿಗೆ ಹೊಸ ಮುಚ್ಚಳ ಕೊಟ್ಟಳು, ಕುದುರೆ ಚಿತ್ರದ್ದು, ಫಳಫಳ ಹೊಳೆಯುತ್ತದೆ. ಅದೇನು ಮಾಡೀತು?

ಡಿಯರ್‌ಬಾರ್ನ್ ದೊಡ್ಡಪ್ಪ:
ಎಲ್ಲಾ ಅದೇ ಮಾಡಿದ್ದು!

ಪಂಪು ಪೆಟ್ರೋಲ್ ಎಳೆದಷ್ಟೂ ಟ್ಯಾಂಕಿಗೆ ಹೊರಗಿನ ಗಾಳಿ ಬರಬೇಕು. ನಿಮ್ಮ ಗಾಡಿಯಲ್ಲಿ ಅದು ಬರುವುದು ಮುಚ್ಚಳದ ಮೂಲಕ. ಟ್ಯಾಂಕಿನ ಆವಿ ಹೊರಗೆ ಹೋಗಬಾರದು ಅನ್ನುವ ಕಟ್ಟುಪಾಡು ಕ್ಯಾಲಿಫೋರ್ನಿಯಾದಲ್ಲಿ 1970ರ ಮಾಡೆಲ್‌ಗಳಿಂದ, ಉಳಿದ ಕಡೆ 1971ರಿಂದ ಬಂತು. ಆ ಮೇಲಿನ ಗಾಡಿಗಳಿಗೆ ಗಾಳಿಗೆ ಬೇರೆ ದಾರಿ ಇದೆ, ಮುಚ್ಚಳ ಪೂರ್ತಿ ಬಂದ್. ಮಗಳು ತಂದದ್ದು ಆ ಜಾತಿಯದು. ಟ್ಯಾಂಕ್ ಫುಲ್ ಇದ್ದರೆ ಒಳಗೆ ಗಾಳಿ ಇರುವುದೇ ಸ್ವಲ್ಪ, ಒಂದೆರಡು ಗ್ಯಾಲನ್ ಖಾಲಿಯಾಗುವಷ್ಟರಲ್ಲಿ ಒತ್ತಡ ಇಳಿದು ಪಂಪು ಎಳೆಯಲಾರದೆ ಸೋಲುತ್ತದೆ. ನಿಂತ ಮೇಲೆ ಸಂದಿಯಿಂದ ನಿಧಾನಕ್ಕೆ ಗಾಳಿ ಸೇರುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ.
ಇನ್ನೊಮ್ಮೆ ನಿಂತರೆ ಬಾನೆಟ್ ಮುಟ್ಟಬೇಡಿ. ಹಿಂದೆ ಹೋಗಿ ಮುಚ್ಚಳ ತಿರುಗಿಸಿ, ಕಿವಿ ಕೊಡಿ.

ಮಿಲ್ಪಿಟಸ್67:
ಇವತ್ತು ಬೇಕಂತಲೇ ಫುಲ್ ಮಾಡಿಸಿ ಹೈವೇ ಸುತ್ತಿ, ಕ್ಯಾಲವೆರಸ್ ರಸ್ತೆ ಹತ್ತಿದೆ. ಮಗಳೂ ಜೊತೆಗಿದ್ದಳು. ನಿಂತಿತು. ಮುಚ್ಚಳ ತಿರುಗಿಸಿದ್ದು ಅವಳೇ. "ಉಸ್ಸ್..." ಅಂತ ಗಾಳಿ ಎಳೆದುಕೊಂಡ ಸದ್ದು ನನಗೂ ಕೇಳಿಸಿತು. ಸೆಲ್ಫ್ ಹೊಡೆದೆ, ಕಾರ್ಬುರೇಟರ್ ತುಂಬಿಕೊಳ್ಳುವಷ್ಟು ಹೊತ್ತು, ಅಷ್ಟೇ, ಸ್ಟಾರ್ಟ್! ಅವಳ ಮುಖ ಮಾತ್ರ ಸಪ್ಪಗಾಯಿತು. ಆ ಮುಚ್ಚಳಕ್ಕೇ ಸಣ್ಣ ತೂತು ಕೊರೆದರೆ ನಡೆಯುತ್ತದಾ?

ಡಿಯರ್‌ಬಾರ್ನ್ ದೊಡ್ಡಪ್ಪ:
ಬೇಡ. ಮುಚ್ಚಳ ಇರುವುದು ಹಿಂಭಾಗದ ನಟ್ಟನಡುವೆ. ಫುಲ್ ಟ್ಯಾಂಕಿನಲ್ಲಿ ಜೋರಾಗಿ ಪಿಕಪ್ ಕೊಟ್ಟರೆ ಪೆಟ್ರೋಲ್ ತೂತಿನಿಂದ ಚೆಲ್ಲಿ ಪೇಂಟ್ ಹಾಳಾಗುತ್ತದೆ, ಅಪಾಯ ಬೇರೆ. ವೆಂಟ್, ಅಂದರೆ ಗಾಳಿಗೆ ದಾರಿ ಇರುವ ಮುಚ್ಚಳವನ್ನೇ ಹಾಕಿ. ಹಳೆಯದು ಇದೆಯಾ?

ಮಿಲ್ಪಿಟಸ್67:
ಇದೆ, ನಾನು ಏನನ್ನೂ ಎಸೆಯುವವನಲ್ಲ. ವಾಷರ್ ಮಾತ್ರ ಹೊಸದು ಹಾಕಿದೆ. ಮೂರು ಸಲ ಫುಲ್ ಟ್ಯಾಂಕಿನಲ್ಲಿ ಗಂಟೆಗಟ್ಟಲೆ ಓಡಿಸಿದೆ, ಒಮ್ಮೆಯೂ ನಿಲ್ಲಲಿಲ್ಲ. ಮಗಳದ್ದು ಡಿಕ್ಕಿಯಲ್ಲಿ ಬಟ್ಟೆ ಸುತ್ತಿಕೊಂಡು ಕೂತಿದೆ. ಗ್ರೇಟ್ ಮಾಲ್ ಪಾರ್ಕಿಂಗಿನಲ್ಲಿ ನಿಲ್ಲಿಸಿ ಫೋಟೋ ತೆಗೆಯುವಾಗ ಹಾಕುವುದು ಅಂತ ಒಪ್ಪಂದವಾಗಿದೆ.

ಬಿಚ್ಚಿಟ್ಟ ಹಳೇ ಕಾಯಿಲ್ ಚೆನ್ನಾಗೇ ಇದೆ. ಯಾರಿಗಾದರೂ ಬೇಕಾ?