ಸಹಾಯ ಬೇಕು: ಕೂಡಿ ಕೆಲಸ ಮಾಡುವುದು ಯಾಕೆ ಅಂತ ಪುಟ್ಟ ಮಕ್ಕಳಿಗೆ ಹೇಗೆ ತಿಳಿಸಲಿ?

ಎಲ್ಲರಿಗೂ ನಮಸ್ಕಾರ. ನಾನು 4–5 ವರ್ಷದ ಮಕ್ಕಳಿಗೆ ಪಾಠ ಮಾಡುತ್ತೇನೆ. ಒಬ್ಬರಿಗೊಬ್ಬರು ನೆರವಾಗಬೇಕು ಎಂದು ಸುಮ್ನೆ ಬಾಯಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ಅಷ್ಟೇ.

ಕೆಂಜಿಗದ ಕಥೆ ಮಾತ್ರ ತುಂಬಾ ಹಿಡಿಸಿತು. ದೊಡ್ಡ ಎಲೆಯನ್ನು ಬಗ್ಗಿಸಲು ಒಂದೇ ಇರುವೆಯಿಂದ ಆಗುವುದಿಲ್ಲ. ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಹಿಡಿದು, ಸರಪಳಿಯಾಗಿ ಎಲೆಗಳನ್ನು ಹತ್ತಿರ ಎಳೆಯುತ್ತವೆ. ತಮ್ಮ ಮರಿಹುಳುಗಳು ಬಿಡುವ ರೇಷ್ಮೆ ಎಳೆಯಿಂದ ಅವನ್ನು ಅಂಟಿಸಿ ಗೂಡು ಕಟ್ಟುತ್ತವೆ. ಕೇಳಿದ್ದೇ ತಡ, ಮಕ್ಕಳೂ ಸಾಲಾಗಿ ನಿಂತು ಸೊಂಟ ಹಿಡಿದುಕೊಂಡರು!

ಆಮೇಲೆ ಬೆಡ್‌ಶೀಟಿನ ನಡುವೆ ಚೆಂಡು ಇಟ್ಟು, ಎಲ್ಲರೂ ಅಂಚು ಹಿಡಿದು ನಡೆಯುವ ಆಟ ಆಡಿಸಿದೆ. ಒಂದು ಮಗು ಕೈ ಬಿಟ್ಟಿತು, ಚೆಂಡು ಉರುಳಿತು. 'ನಿನ್ನಿಂದಲೇ ಬಿತ್ತು' ಎಂದು ಉಳಿದವರೆಲ್ಲ ಬೈದರು. ಆ ಮಗು ಅತ್ತೇಬಿಟ್ಟಿತು. ನನಗೆ ತುಂಬಾ ಬೇಜಾರಾಯಿತು. ಕೂಡಿ ಆಡುವುದು ಅಂದರೆ ತಪ್ಪು ಹುಡುಕುವುದಲ್ಲ, ಅಲ್ವಾ?

ಚಿಕ್ಕ ಮಕ್ಕಳು ಮೊದಲು ಪಕ್ಕಪಕ್ಕ ಕೂತು ತಮ್ಮಷ್ಟಕ್ಕೆ ಆಡುತ್ತಾರೆ, ಕೂಡಿ ಆಡುವುದು ವಯಸ್ಸಾದಂತೆ ಜಾಸ್ತಿಯಾಗುತ್ತದೆ ಎಂದು ಮಕ್ಕಳ ಆಟದ ಬಗ್ಗೆ ಅಧ್ಯಯನ ಮಾಡಿದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಬರೆದಿದ್ದಾರೆ. ಹಾಗಾಗಿ ನನಗೆ ಅವಸರವಿಲ್ಲ.

ಸೋಲು-ಗೆಲುವಿಲ್ಲದ, ನಾಚಿಕೆಯ ಮಗುವಿಗೂ ಪಾಲು ಸಿಗುವ ಆಟ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅತ್ತ ಮಗು ಈಗ ಬೆಡ್‌ಶೀಟಿನ ಹತ್ತಿರವೇ ಬರುತ್ತಿಲ್ಲ. ಅದನ್ನು ಮತ್ತೆ ಹೇಗೆ ಕರೆತರಲಿ?