ಗಿಟಾರ್‌ಗೆ ಸ್ವಂತ ರಚನೆ: ಕೀ, ಸ್ಕೇಲ್, ಸ್ವರದ ಹೆಸರುಗಳನ್ನು ಹೇಗೆ ಆರಿಸಿಕೊಳ್ಳುತ್ತೀರಿ?

ಪ್ರಶ್ನೆ

ಆರು ವರ್ಷಗಳಿಂದ ಟ್ಯಾಬ್ (ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ತೋರಿಸುವ ಬರಹ) ನೋಡಿಕೊಂಡೇ ಗಿಟಾರ್ ನುಡಿಸುತ್ತಿದ್ದ ನಾನು ಈಚೆಗೆ ಭಾವಗೀತೆಗಳಿಗೆ ಸ್ವಂತವಾಗಿ ರಾಗ ಹಾಕತೊಡಗಿದ್ದೇನೆ. ನನ್ನ ಜೊತೆ ಹಾಡುವವರ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ನಾಲ್ಕು, ಅಂದರೆ ಜಿ ಶಾರ್ಪ್. ಒಂದು ಮೇಜರ್ ಹಾಡನ್ನು ಜಿ ಶಾರ್ಪ್ ಎಂದು ಬರೆದುಕೊಟ್ಟಾಗ ಕೀಬೋರ್ಡ್ ನುಡಿಸುವವರು ‘ಎ ಫ್ಲ್ಯಾಟ್‌ನಲ್ಲಿ ಬರೆದುಕೊಡಿ’ ಎಂದು ಹಾಳೆಯನ್ನು ಹಿಂದಿರುಗಿಸಿದರು. ಜಿಗಿಂತ ಒಂದು ಫ್ರೆಟ್ (ಗಿಟಾರ್‌ನ ಮೆಟ್ಟು) ಮೇಲಿನ ಜಿ ಶಾರ್ಪ್, ಎಗಿಂತ ಒಂದು ಫ್ರೆಟ್ ಕೆಳಗಿನ ಎ ಫ್ಲ್ಯಾಟ್ ಎರಡಕ್ಕೂ ಜಾಗ ಒಂದೇ ಆಗಿರುವಾಗ ಹೆಸರಿಗೇಕೆ ಇಷ್ಟು ಹಟ? ಕೀ (ಹಾಡಿನ ಆಧಾರ ಸ್ವರ) ಮೊದಲು ಗೊತ್ತುಮಾಡಿಕೊಳ್ಳಬೇಕೋ, ಧಾಟಿ ಹುಟ್ಟಿದ ಮೇಲೆ ನೋಡಬೇಕೋ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ವೀಣೆ ಕಲಿತು ಗಿಟಾರ್‌ಗೆ ಬಂದವರ ಉತ್ತರ

ಹಾಳೆ ಹಿಂದಿರುಗಿಸಿದವರ ಮೇಲೆ ಬೇಸರ ಬೇಡ. ಏಳು ಸ್ವರಗಳ ಸ್ಕೇಲಿನಲ್ಲಿ, ಅಂದರೆ ಸ್ವರಸಾಲಿನಲ್ಲಿ, ಎ ಇಂದ ಜಿ ವರೆಗಿನ ಪ್ರತಿ ಅಕ್ಷರವೂ ಒಮ್ಮೆ, ಒಮ್ಮೆ ಮಾತ್ರ ಬರಬೇಕೆಂಬುದು ಪದ್ಧತಿ. ಅದರಂತೆ ಜಿ ಶಾರ್ಪ್ ಮೇಜರನ್ನು ಬರೆಯಹೊರಟರೆ ಬಿ ಶಾರ್ಪ್, ಇ ಶಾರ್ಪ್‌ಗಳನ್ನು ದಾಟಿ ಕೊನೆಗೆ ಎಫ್ ಡಬಲ್ ಶಾರ್ಪ್‌ಗೆ ಬಂದು ನಿಲ್ಲುತ್ತೀರಿ. ಅದನ್ನೇ ಎ ಫ್ಲ್ಯಾಟ್ ಎಂದುಕೊಂಡರೆ ನಾಲ್ಕೇ ಫ್ಲ್ಯಾಟ್‌ಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಹಾಡು ಮೈನರ್ ಆಗಿದ್ದಿದ್ದರೆ ನೀವೇ ಸರಿ, ಏಕೆಂದರೆ ಜಿ ಶಾರ್ಪ್ ಮೈನರ್‌ಗೆ ಐದು ಶಾರ್ಪ್‌ಗಳು ಸಾಕು, ಎ ಫ್ಲ್ಯಾಟ್ ಮೈನರ್‌ಗೆ ಏಳು ಫ್ಲ್ಯಾಟ್‌ಗಳು ಬೇಕು.

ಕರ್ನಾಟಕ ಸಂಗೀತ ಕಲಿತವರಿಗೆ ಇದು ಹಳೆಯ ಪಾಠವೇ. ನಮ್ಮಲ್ಲೂ ಸ್ವರಸ್ಥಾನಗಳು 12, ಹೆಸರುಗಳು 16. ಚಲನಾಟ ರಾಗದ ಷಟ್ಶ್ರುತಿ ರಿಷಭವು ಷಡ್ಜದಿಂದ ಮೂರನೆಯ ಫ್ರೆಟ್ಟಿನಲ್ಲಿದೆ; ಖರಹರಪ್ರಿಯದಲ್ಲಿ ಅದೇ ಜಾಗಕ್ಕೆ ಸಾಧಾರಣ ಗಾಂಧಾರವೆಂದು ಹೆಸರು. ಚಲನಾಟದಲ್ಲಿ ಗಾಂಧಾರದ ಪೀಠವನ್ನು ಅಂತರ ಗಾಂಧಾರ ಆಗಲೇ ಹಿಡಿದು ಕುಳಿತಿರುವುದರಿಂದ ಮೂರನೆಯ ಫ್ರೆಟ್ಟು ರಿಷಭವಾಗದೆ ಬೇರೆ ದಾರಿಯಿಲ್ಲ. ಎಫ್ ಮೇಜರ್‌ನ ನಾಲ್ಕನೆಯ ಸ್ವರವನ್ನು ಎ ಶಾರ್ಪ್ ಎನ್ನದೆ ಬಿ ಫ್ಲ್ಯಾಟ್ ಎನ್ನುವುದೂ ಇದೇ ಕಾರಣಕ್ಕೆ.

ಮೈನರ್‌ನಲ್ಲಿ ಬರೆಯುವವರು ಇನ್ನೊಂದನ್ನು ಗಮನಿಸಬೇಕು. ಎ ಮೈನರ್‌ನ ಹಾಡಿನಲ್ಲಿ ಇ ಮೇಜರ್ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬಂದಾಗ ಅದರ ನಡುವಿನ ಸ್ವರ ಜಿ ಶಾರ್ಪ್. ಎ ಫ್ಲ್ಯಾಟ್ ಎಂದು ಬರೆದರೆ ಓದುವವರಿಗೆ ಅದು ಕಾರ್ಡಿನ ಮೂರನೆಯ ಸ್ವರವೆಂದು ಕಾಣುವುದೇ ಇಲ್ಲ. ನಠಭೈರವಿ (ಮೈನರ್‌ನ ಸಹಜ ಸ್ವರಗಳ ರಾಗ) ಕೀರವಾಣಿಯ (ಅದರ ನಿಷಾದ ಮಾತ್ರ ಮೇಲೇರಿದ ರಾಗ) ಕಡೆಗೆ ಹೊರಳಿದ ಆ ಗಳಿಗೆಯಲ್ಲಿ ಮಾತ್ರ ಶಾರ್ಪ್ ಚಿಹ್ನೆ ಹಾಕಬೇಕು. ಸಾಲಿನ ಆರಂಭದಲ್ಲಿ ಹಾಕುವ ಗುರುತುಗಳಲ್ಲಿ, ಅಂದರೆ ಕೀ ಸಿಗ್ನೇಚರ್‌ನಲ್ಲಿ, ಅದಕ್ಕೆ ಜಾಗವಿಲ್ಲ.

ಮಕ್ಕಳಿಗೆ ಗಿಟಾರ್ ಹೇಳಿಕೊಡುವವರ ಉತ್ತರ

ಹೆಸರಿನ ವಿಚಾರ ಮೇಲಿನವರು ಹೇಳಿದ್ದಾರೆ. ಕೀ ಆರಿಸುವಾಗ ನಾನು ಮೊದಲು ನೋಡುವುದು ಒತ್ತದೆ ಮೀಟುವ ತಂತಿಗಳನ್ನು. ಇಸಾಕ್ ಆಲ್ಬೆನಿಸ್ ಅವರ ‘ಆಸ್ತುರಿಯಾಸ್’ ಪಿಯಾನೊ ಕೃತಿಯಾಗಿ ಹುಟ್ಟಿದ್ದು ಜಿ ಮೈನರ್‌ನಲ್ಲಿ. ಗಿಟಾರ್ ವಾದಕರು ಅದನ್ನು ನುಡಿಸುವುದು ಇ ಮೈನರ್‌ನಲ್ಲಿ. ಪಿಯಾನೊದಲ್ಲಿ ಬಿಡದೆ ಮರುಕಳಿಸುವ ಡಿ ಸ್ವರ ಹೀಗೆ ಇಳಿಸಿದಾಗ ಬಿ ಆಗುತ್ತದೆ, ಬಿ ಎಂದರೆ ಗಿಟಾರ್‌ನ ಎರಡನೆಯ ತಂತಿ. ಎಡಗೈ ಅದನ್ನು ಮುಟ್ಟಬೇಕಾಗಿಯೇ ಇಲ್ಲ; ಬಲಗೈ ಬೆರಳು ಅದನ್ನು ಮೀಟುತ್ತಿರುವಾಗ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಧಾಟಿಯನ್ನು ನಡೆಸುತ್ತದೆ. ಜಿ ಮೈನರ್‌ನಲ್ಲಿಯೇ ಹಟ ಹಿಡಿದು ನುಡಿಸಿ ನೋಡಿ, ಎಡಗೈ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ತಾನೇ ತಿಳಿಯುತ್ತದೆ.

ನಿಮ್ಮ ಎ ಫ್ಲ್ಯಾಟ್ ಹಾಡಿಗೆ ಒಂದನೆಯ ಫ್ರೆಟ್ಟಿಗೆ ಕ್ಯಾಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ ಜಿ ಕಾರ್ಡುಗಳನ್ನೇ ಹಿಡಿಯಿರಿ. ಜಿ ಶಾರ್ಪ್ ಮೈನರ್ ಬೇಕಾದರೆ ನಾಲ್ಕನೆಯ ಫ್ರೆಟ್ಟಿನಲ್ಲಿ ಕ್ಯಾಪೋ ಹಾಕಿ ಇ ಮೈನರ್ ಕಾರ್ಡುಗಳನ್ನು ಹಿಡಿದರಾಯಿತು. ಆದರೆ ಜೊತೆಯವರಿಗೆ ಕೊಡುವ ಹಾಳೆಯಲ್ಲಿ ನಿಜವಾಗಿ ಕೇಳಿಸುವ ಕೀ ಇರಲಿ, ಕ್ಯಾಪೋ ಲೆಕ್ಕ ನಿಮ್ಮ ಹಾಳೆಯಲ್ಲಿ ಮಾತ್ರ ಇರಲಿ.

ನಾನು ಸ್ವತಃ ಪೆಟ್ಟು ತಿಂದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಐದು ಗೆರೆಗಳ ಸ್ಟಾಫ್ ನೊಟೇಶನ್‌ನಲ್ಲಿ ಗಿಟಾರ್ ಸಂಗೀತವನ್ನು ಕೇಳಿಸುವುದಕ್ಕಿಂತ ಒಂದು ಸ್ಥಾಯಿ ಮೇಲೆ ಬರೆಯುವುದು ರೂಢಿ. ಇದನ್ನು ಮರೆತು ನನ್ನ ಹಾಳೆಯನ್ನೇ ವಯೊಲಿನ್ ವಾದಕರೊಬ್ಬರಿಗೆ ಕೊಟ್ಟಿದ್ದೆ. ಅವರು ಬರೆದಿದ್ದನ್ನು ಬರೆದಂತೆಯೇ ನುಡಿಸಿದರು, ಹಾಡುವವರ ತಲೆಯ ಮೇಲೆ ಒಂದು ಇಡೀ ಸ್ಥಾಯಿ ಎತ್ತರದಲ್ಲಿ.

ಇನ್ನೊಬ್ಬರು

ಕ್ಯಾಪೋ ಸಲಹೆಗೆ ನನ್ನ ಅರ್ಧ ಒಪ್ಪಿಗೆ ಮಾತ್ರ ಇದೆ. ಎಲ್ಲ ಹಾಡಿಗೂ ಜಿ ಕಾರ್ಡುಗಳನ್ನೇ ಹಿಡಿದು ಕ್ಯಾಪೋವನ್ನು ಮೇಲೆ ಕೆಳಗೆ ಸರಿಸುತ್ತಿದ್ದರೆ ಹತ್ತು ಹಾಡುಗಳೂ ಒಂದೇ ಹಾಡಿನಂತೆ ಕೇಳಿಸತೊಡಗುತ್ತವೆ. ಎರಡು ವರ್ಷ ನಾನು ಬರೆದದ್ದೆಲ್ಲ ಹೀಗೆಯೇ ಇತ್ತು. ನಾನು ಈಗ ಧಾಟಿಯನ್ನು ಗಿಟಾರ್ ಮುಟ್ಟದೆ ಬಾಯಲ್ಲಿ ಹಾಡಿಕೊಂಡು, ಅದರ ಅತಿ ಎತ್ತರದ ಸ್ವರವನ್ನು ಗಾಯಕರಿಗೆ ಹೊಂದಿಸಿ, ಆಮೇಲೆ ಕೀ ನೋಡುತ್ತೇನೆ. (ನಮ್ಮ ಕಡೆ ‘ಯಾವ ಸ್ಕೇಲ್?’ ಎಂದು ಕೇಳುವವರು ಬಹುಪಾಲು ಕೇಳುವುದು ಕೀಯನ್ನೇ. ಎರಡನ್ನೂ ಬೇರೆ ಮಾಡಿಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.)

ಐದು ಸ್ವರಗಳ ರಾಗದಲ್ಲಿ ಬರೆಯುವವರಿಗೆ ಮಾತ್ರ ಗಿಟಾರ್ ತಾನೇ ಕೀ ಹೇಳಿಕೊಡುತ್ತದೆ. ಆರು ತಂತಿಗಳನ್ನು ಎಲ್ಲೂ ಒತ್ತದೆ ಮೀಟಿದರೆ ಇ, ಎ, ಡಿ, ಜಿ, ಬಿ, ಮತ್ತೆ ಇ, ಹೀಗೆ ಐದೇ ಸ್ವರಗಳು. ಜಿ ಅನ್ನು ಷಡ್ಜವೆಂದುಕೊಂಡರೆ ಇವು ಮೋಹನದ ಸ್ವರಗಳು. ಎ ಷಡ್ಜವಾದರೆ ಮಧ್ಯಮಾವತಿ, ಬಿ ಆದರೆ ಹಿಂದೋಳ, ಡಿ ಆದರೆ ಶುದ್ಧ ಸಾವೇರಿ, ಇ ಆದರೆ ಶುದ್ಧ ಧನ್ಯಾಸಿ. ಷಡ್ಜ ಬದಲಿಸಿ ಬೇರೆ ರಾಗ ಪಡೆಯುವ ಗ್ರಹಭೇದದ ಪಾಠ ಇಡಿಯಾಗಿ ವಾದ್ಯದ ಮೇಲೆಯೇ ಕಟ್ಟಿಟ್ಟಂತಿದೆ.

ಹಿಂದೋಳದಲ್ಲಿ ಇದರ ಬೆಲೆ ಹೆಚ್ಚು. ಆ ರಾಗದಲ್ಲಿ ಪಂಚಮವಿಲ್ಲ. ನಾನು ಮೊದಲು ಅಭ್ಯಾಸಬಲದಿಂದ ಎ ಅನ್ನು ಷಡ್ಜ ಮಾಡಿಕೊಂಡೆ. ಆಗ ಪಂಚಮವಾದ ಇ ಸ್ವರವು ಒಂದನೆಯ ತಂತಿಯಲ್ಲೂ ಆರನೆಯದರಲ್ಲೂ ಬೇಡವೆಂದರೂ ಮೊಳಗುತ್ತಿತ್ತು, ಎ ಮೈನರ್ ಕಾರ್ಡ್ ಹಿಡಿದಾಗಲಂತೂ ರಾಗ ಕೈಬಿಟ್ಟೇ ಹೋಗುತ್ತಿತ್ತು. ಬಿ ಗೆ ಬದಲಿಸಿದ ಮೇಲೆ ಯಾವ ತಂತಿ ತಗುಲಿದರೂ ರಾಗದ ಒಳಗೇ ಇರುತ್ತದೆ. ಅಲ್ಲಿಯೂ ಬಿ ಮೈನರ್ ಕಾರ್ಡ್ ಬೇಡ, ಅದರ ಎಫ್ ಶಾರ್ಪ್ ಪಂಚಮವೇ. ಇ ಮೈನರ್ ಮತ್ತು ಜಿ ಮೇಜರ್ ಕಾರ್ಡುಗಳ ಎಲ್ಲ ಸ್ವರಗಳೂ ಹಿಂದೋಳದವೇ ಆದ್ದರಿಂದ ಅವೆರಡರಲ್ಲಿ ಬಹಳ ದೂರ ಹೋಗಬಹುದು. ಗಮಕದ ಮಾತು ಬೇರೆ, ಅದಕ್ಕೆ ತಂತಿಯನ್ನು ಎಳೆದೇ ನುಡಿಸಬೇಕು.

ಕೇಳಿದವರು, ಎರಡು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಮೇಜರ್ ಹಾಡನ್ನು ಎ ಫ್ಲ್ಯಾಟ್‌ನಲ್ಲಿ ತಿದ್ದಿ ಬರೆದು, ನಾನು ಒಂದನೆಯ ಫ್ರೆಟ್ಟಿನ ಕ್ಯಾಪೋದೊಂದಿಗೆ ನುಡಿಸುತ್ತಿದ್ದೇನೆ. ಹಿಂದೋಳದಲ್ಲಿ ಒಂದು ಹಾಡು ಅರ್ಧಕ್ಕೆ ನಿಂತಿತ್ತು; ಬಿ ಎಂದರೆ ಹಾಡುವವರ ಶ್ರುತಿಗಿಂತ ಮೂರು ಫ್ರೆಟ್ ಮೇಲು, ಅವರು ಒಪ್ಪಲಾರರು ಎಂದುಕೊಂಡಿದ್ದೆ. ಅವರು ನಕ್ಕು, ‘ಮಧ್ಯಮವನ್ನೇ ಷಡ್ಜ ಮಾಡಿಕೊಂಡು ಮಧ್ಯಮ ಶ್ರುತಿಯಲ್ಲಿ ಹಾಡುವಾಗ ನನ್ನ ಷಡ್ಜ ಸಿ ಶಾರ್ಪ್‌ಗೇ ಹೋಗುತ್ತದಲ್ಲ, ಬಿ ಏನು ಮಹಾ’ ಎಂದರು. ಹಾಡು ತಾರ ಗಾಂಧಾರವನ್ನು ದಾಟುವುದಿಲ್ಲ, ಅದು ಡಿ. ಅವರು ದಿನವೂ ಮುಟ್ಟುವ ತಾರ ಪಂಚಮಕ್ಕಿಂತ ಒಂದು ಫ್ರೆಟ್ ಕೆಳಗೆ. ಹಾಳೆಯಲ್ಲಿ ಒಂದೂ ಶಾರ್ಪ್ ಇಲ್ಲ, ಒಂದೂ ಫ್ಲ್ಯಾಟ್ ಇಲ್ಲ. ಕೀಬೋರ್ಡ್ ನುಡಿಸುವವರು ಅದನ್ನು ಎರಡು ಸಲ ತಿರುಗಿಸಿ ನೋಡಿ, ಏನೂ ಹೇಳದೆ ಸ್ಟ್ಯಾಂಡಿನ ಮೇಲಿಟ್ಟುಕೊಂಡರು.