ಟ್ಯಾಪೆಟ್ ಕವರ್ ಪ್ಯಾಕಿಂಗ್ ಮನೆಯಲ್ಲೇ ಬದಲಿಸಬಹುದೇ? ಮಾಡಿದವರು ತಿಳಿಸಿ

ದಾವಣಗೆರೆಯಿಂದ ಪ್ರಶ್ನೆ:
ನನ್ನದು ನಾಲ್ಕು ಸಿಲಿಂಡರಿನ ಹಳೆಯ ಪೆಟ್ರೋಲ್ ಕಾರು. ಪಿ.ಬಿ. ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಸುಟ್ಟ ಆಯಿಲ್ ವಾಸನೆ ಒಳಗೆ ಬರುತ್ತದೆ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಅಂದರೆ ಎಂಜಿನ್ ಮೇಲಿನ ಮುಚ್ಚಳದಡಿಯ ರಬ್ಬರ್ ಸೀಲ್, ಹೋಗಿದೆ ಎನ್ನುತ್ತಾರೆ ಮೆಕ್ಯಾನಿಕ್. ಆಯಿಲ್ ಬದಲಿಸಿದ್ದು ಬಿಟ್ಟರೆ ನನಗೆ ಬೇರೆ ಅನುಭವವಿಲ್ಲ. ನಾನೇ ಮಾಡಬಹುದೇ?

ಚಿತ್ರದುರ್ಗದಿಂದ:
ಖಂಡಿತ ಮಾಡಬಹುದು. ಮೊದಲು ಎಂಜಿನ್ ಒರೆಸಿ, ಸ್ವಲ್ಪ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡಿ. ಆಯಿಲ್ ಇಳಿದು ಬರುವುದರಿಂದ ಬುಡದಲ್ಲಿ ಕಂಡ ಜಿಡ್ಡಿನ ಮೂಲ ಮೇಲೆಲ್ಲೋ ಇರಬಹುದು. ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ ಹೊಗೆ ಹೊರಹೋಗುವ ಕೊಳವೆ) ಮೇಲೆ ಬಿದ್ದ ಆಯಿಲ್ ಆ ವಾಸನೆ ಬರಿಸುತ್ತದೆ. ಹೊಗೆಯೂ ಕಾಣಿಸುತ್ತಿದ್ದರೆ ತಡಮಾಡಬೇಡಿ, ಬೆಂಕಿ ಹತ್ತುವ ಅಪಾಯವಿದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಯಾವ ವೈರ್, ಯಾವ ಪೈಪ್ ಎಲ್ಲಿತ್ತು ಎಂಬುದಕ್ಕೆ ಮೊಬೈಲ್‌ನಲ್ಲಿ ಫೋಟೊ ಇರಲಿ. ಕವರ್ ಬಿಚ್ಚುವ ಮುನ್ನ ಸುತ್ತಲಿನ ಧೂಳು ತೆಗೆಯುವುದು ಬಹಳ ಮುಖ್ಯ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವ ಊರು ನಮ್ಮದು. ಇಲ್ಲಿ ಆಷಾಢದಲ್ಲಿ ಬಯಲಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಕವರ್ ಎತ್ತಿದರೆ ಕ್ಯಾಮ್‌ಶಾಫ್ಟ್, ವಾಲ್ವ್ ಸ್ಪ್ರಿಂಗ್ ಎಲ್ಲ ತೆರೆದಿರುತ್ತವೆ. ಬಿದ್ದ ಮರಳು ಆಯಿಲ್ ಜೊತೆ ಇಡೀ ಎಂಜಿನ್ ಸುತ್ತುತ್ತದೆ.

ಹಳೆಯ ರಬ್ಬರ್ ಕಾದು ಕಾದು ಕಲ್ಲಾಗಿರುತ್ತದೆ. ಕವರ್ ಏಳದಿದ್ದರೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ; ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅಲ್ಯೂಮಿನಿಯಂ ಮೇಲೆ ಗೀರು ಬಿದ್ದರೆ ಹೊಸ ಪ್ಯಾಕಿಂಗ್ ಕೂಡ ಸೋರುತ್ತದೆ. ಅಂಟಿದ್ದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ನೂಲು ಬಿಡದ ಬಟ್ಟೆಯಿಂದ ಎರಡೂ ಮೈ ಒರೆಸಿ. ಹೆಚ್ಚು ಹೊತ್ತು ಹಿಡಿಯುವುದು ಇದೇ, ಹಿಡಿಯಲಿ.

ಹರಿಹರದಿಂದ:
ಮೇಲಿನವರು ಹೇಳಿದ್ದು ಸರಿ. ಬೋಲ್ಟ್ ಬಿಗಿಯುವಾಗ ಮಾತ್ರ ಕೈ ಹಿಡಿತದಲ್ಲಿರಲಿ. ಎಷ್ಟೋ ಕಾರುಗಳಲ್ಲಿ ಈ ಬೋಲ್ಟಿಗೆ ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್ ಅಷ್ಟೇ; ನಿಮ್ಮ ಕಾರಿನದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಸೋರಬಾರದೆಂದು ಬಲ ಹಾಕಿದರೆ ರಬ್ಬರ್ ಹಿಂಡಿ ಹೊರಬರುತ್ತದೆ, ಹೆಡ್‌ನ (ಕವರ್ ಕೂರುವ ಎಂಜಿನ್ ಭಾಗದ) ಥ್ರೆಡ್ ಹೋಗುತ್ತದೆ. ಬಿಗಿ ಎಷ್ಟೆಂದು ಅಳೆದು ತೋರಿಸುವ ಚಿಕ್ಕ ಟಾರ್ಕ್ ರೆಂಚ್ ಎರವಲಾದರೂ ತನ್ನಿ. ಮ್ಯಾನ್ಯುಯಲ್‌ನಲ್ಲಿ ಬೇರೆ ಕ್ರಮ ಇಲ್ಲದಿದ್ದರೆ ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಸುತ್ತಲೂ ಸೀಲೆಂಟ್ ಅಂಟು ಬಳಿಯುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಟೈಮಿಂಗ್ ಕವರ್ (ಕ್ಯಾಮ್ ತಿರುಗಿಸುವ ಚೈನ್ ಅಥವಾ ಬೆಲ್ಟಿನ ಮುಚ್ಚಳ) ಹೆಡ್ಡಿಗೆ ಸೇರುವ ಮೂಲೆಗಳಲ್ಲಿ ಒಂದೊಂದು ಬೊಟ್ಟು ಸಾಕು. ಹೆಚ್ಚಾದದ್ದು ಒಳಗೆ ಕಳಚಿ ಆಯಿಲ್ ಜಾಲರಿಗೆ ಸಿಕ್ಕಿಕೊಳ್ಳುತ್ತದೆ.

ಹಿರಿಯೂರಿನಿಂದ:
ಸ್ಪಾರ್ಕ್ ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಅಲ್ಲಿನ ರಿಂಗ್ ಸೀಲ್‌ಗಳನ್ನೂ ಬದಲಿಸಿ. ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿ ಹೊರಬಿಡುವ ವಾಲ್ವ್) ಕಟ್ಟಿಕೊಂಡಿದೆಯೇ ನೋಡಿ. ಒಳಗಿನ ಒತ್ತಡಕ್ಕೆ ದಾರಿಯಿಲ್ಲದಿದ್ದರೆ ಹೊಸ ಪ್ಯಾಕಿಂಗ್ ಕೂಡ ಬೇಗ ಸೋರುತ್ತದೆ. ಬಿಡಿಭಾಗದ ಅಂಗಡಿಗೆ ಹೋಗುವಾಗ ಆರ್‌ಸಿ ಒಯ್ಯಿರಿ, ಒಂದೇ ಕಾರಿಗೆ ಬೇರೆ ಬೇರೆ ಎಂಜಿನ್ ಬಂದಿರುತ್ತವೆ. ಕೆಲಸ ಮುಗಿದ ಮೇಲೂ ಕೆಲವು ದಿನ ವಾಸನೆ ಬಂದರೆ ಗಾಬರಿ ಬೇಡ. ಮ್ಯಾನಿಫೋಲ್ಡ್ ಮೇಲೆ ಉಳಿದ ಹಳೆಯ ಆಯಿಲ್ ಉರಿದು ಹೋಗುವವರೆಗೆ ಅದು ಇರುತ್ತದೆ.